ಮೋರಿಶ್ರೇಷ್ಠ ಸ್ಪರ್ಧೆಯೂ ಕೆಳಗಿನ ಊರಿನ ನೀರೂ

ಆಗಸ್ಟ್ ೨೧

ಶ್ರೀಮದ್ ಶುದ್ಧಜಲ ಸಾಮ್ರಾಜ್ಯ ಸಿಂಹಾಸನಾಧೀಶ್ವರಿ, ಕ್ಲೋರಿನ್ ಕುಲತಿಲಕೆ, ಸಮಸ್ತ ನಲ್ಲಿಗಳ ನಾಯಕಿ, ಕೊಡ ಬಿಂದಿಗೆ ಬಕೆಟ್ಟುಗಳಿಂದ ಸದಾ ವಂದಿತಳಾದ ನನ್ನ ಏಕೈಕ ಅಕ್ಕನ ಸನ್ನಿಧಾನಕ್ಕೆ,

ಮೇಲಿನ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಕಿರಿಯ ಆಪರೇಟರ್, ಮಲಮಹಾಮಂಡಲದ ದ್ವಾರಪಾಲಕ, ನಿನ್ನ ತಮ್ಮ, ಮಂಡಿಯುದ್ದ ಕೆಸರಿನಲ್ಲಿ ನಿಂತು ಮಾಡುವ ಬಿನ್ನಹಗಳು.

ಫೋನ್ ಟವರ್ ಹೊಳೆಗೆ ಅಡ್ಡಬಿದ್ದು ಮಲಗಿರುವುದರಿಂದ ಈ ಓಲೆಯನ್ನು ಕ್ಲೋರಿನ್ ಸಿಲಿಂಡರ್ ಸಾಗಿಸುವ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದದೆ ತಲುಪಿಸುತ್ತೇನೆ ಎಂದು ಆಣೆ ಮಾಡಿದ್ದಾನೆ. ಓದಿಯೇ ಓದುತ್ತಾನೆ. ಡ್ರೈವರಣ್ಣಾ, ನಮಸ್ಕಾರ.

ಹೊಳೆ ನಮ್ಮ ಘಟಕದೊಳಗೆ ಹೇಳದೆ ಕೇಳದೆ ಬಂದು, ಕರೆಯದ ನೆಂಟನ ಹಾಗೆ ನಾಲ್ಕು ದಿನ ಜಾಂಡಾ ಊರಿ, ಹೋಗುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋಗಿದೆ. ತನಗೆ ಬೇಡವಾದದ್ದನ್ನು ಇಲ್ಲೇ ಬಿಟ್ಟಿದೆ. ಗಾಳಿ ಊದುವ ದೊಡ್ಡ ತೊಟ್ಟಿಯಲ್ಲಿ ಸದ್ಯಕ್ಕೆ ಸಿಕ್ಕವರು: ಎರಡು ಹಾಸಿಗೆ, ಚೌಕಟ್ಟಿನ ಸಮೇತ ಒಂದು ಬಾಗಿಲು (ಬೀಗ ಹಾಕಿದೆ, ಯಾರೂ ಒಳಗೆ ಬರಬಾರದೆಂದು), ಮತ್ತು ಒಂದು ಕಮೋಡ್. ಕಮೋಡಿಗೆ ಒಂದು ಗೀರೂ ಬಿದ್ದಿಲ್ಲ. ಇಷ್ಟು ವರ್ಷ ಅದರ ಮಾಲನ್ನು ಸ್ವೀಕರಿಸಿದ ನಮ್ಮನ್ನು ನೋಡಲು ಖುದ್ದು ಬಂದಿದೆ ಎಂದು ನಾನು ಗೌರವವಂದನೆ ಸಲ್ಲಿಸಿದೆ. ನಮ್ಮ ಹಿರಿಯ ಆಪರೇಟರ್ ಗುಡುಗಣ್ಣ ನಗಲಿಲ್ಲ. ಆತ ಪಿಸುಮಾತಿಗಿಂತ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ, ಅದಕ್ಕೇ ಆ ಹೆಸರು. ತೊಟ್ಟಿಯ ಅಂಚಿನಲ್ಲಿ ಕೂತು, "ಹುಳ ಎಲ್ಲಾ ಹೋಯ್ತು ಕಣೋ" ಅಂದ.

ಅದೇ ನಿಜವಾದ ಸುದ್ದಿ. ಮೋಟರು ಸುಟ್ಟರೆ ಹೊಸದು ತರಬಹುದು. ಊರಿನ ಹೊಲಸನ್ನು ತಿಂದು ನೀರನ್ನು ತಿಳಿ ಮಾಡುವ ಕೋಟಿ ಕೋಟಿ ಸೂಕ್ಷ್ಮಜೀವಿಗಳು, ನಮ್ಮ ಸಂಬಳವಿಲ್ಲದ ನೌಕರರು, ಕೆಸರಿನ ಸಮೇತ ಹೊಳೆಪಾಲಾದರು. ಈಗ ಊರಿನದೆಲ್ಲ ನೇರವಾಗಿ ಹೊಳೆಗೆ. ಹೊಳೆಯಿಂದ ಕೆಳಗಿನ ಊರಿನಲ್ಲಿರುವ ನಿನ್ನ ಕುಡಿಯುವ ನೀರಿನ ಪಂಪಿಗೆ. ಅಂದರೆ ಅಕ್ಕಾ, ನಾನು ಬಿಡುವುದನ್ನು ನೀನು ಊರಿಗೆ ಕುಡಿಸಬೇಕು. ಚಿಕ್ಕಂದಿನಲ್ಲಿ ನನ್ನ ಎಂಜಲು ಲೋಟ ಮುಟ್ಟದವಳು ನೀನು.

ಘಟಕ ಮತ್ತೆ ನಡೆಯುವವರೆಗೆ ರೋಗ ಹರಡಬಾರದಲ್ಲ? ಪರಿಹಾರ ಕೇಂದ್ರದಲ್ಲಿ ಬ್ಲೀಚಿಂಗ್ ಪೌಡರ್ ಮೂಟೆಗಟ್ಟಲೆ ಬಂದು ಬಿದ್ದಿದೆ, ಯಾರೂ ಒಯ್ಯುತ್ತಿರಲಿಲ್ಲ. ಆದ್ದರಿಂದ ಬೀದಿ ಬೀದಿಗೆ ನಾನೊಂದು ರಾಜಾಜ್ಞೆ ಅಂಟಿಸಿದ್ದೇನೆ: "ಪ್ರಜಾಕೋಟಿಗೆ ಸಾರುವುದೇನೆಂದರೆ, ಯಾವ ಬೀದಿಯ ಮೋರಿಗಳು ಅತಿ ಹೆಚ್ಚು ಪೌಡರ್ ಪರಿಮಳವನ್ನು ಬೀರುವುವೋ ಆ ಬೀದಿಗೆ ಮೋರಿಶ್ರೇಷ್ಠ ಎಂಬ ಬಿರುದನ್ನೂ ಚಿನ್ನದ ಬಣ್ಣ ಬಳಿದ ಕಮೋಡನ್ನೂ ದಯಪಾಲಿಸಲಾಗುವುದು." ಜನ ನಕ್ಕರು. ಆಮೇಲೆ ಮೂಟೆ ಹೊತ್ತರು.

ಇಂತು ನಿನ್ನ ಪಾದಧೂಳಿ, ಸದ್ಯಕ್ಕೆ ಪಾದಕೆಸರು,
ತಮ್ಮ


ಆಗಸ್ಟ್ ೨೫

ತಮ್ಮಾ,

ನಿನ್ನ ಬಿರುದಾವಳಿ ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿತು.

ಎಲ್ಲರೂ ನೆರೆ ಇಳಿಯಿತು ಎಂದು ಸಂತೋಷಪಡುತ್ತಿದ್ದಾರೆ. ನನಗೆ ಅದೇ ಭಯ. ಹೊಳೆ ತುಂಬಿದ್ದಾಗ ನಿಮ್ಮ ಊರಿನ ಹೊಲಸು ಸಮುದ್ರದಲ್ಲಿ ಸಾಸಿವೆ. ಈಗ ದಿನದಿನಕ್ಕೆ ನೀರು ಕಡಿಮೆ, ಹೊಲಸು ಅಷ್ಟೇ. ನಾನು ಕ್ಲೋರಿನ್ ಏರಿಸುತ್ತಾ ಹೋಗುತ್ತಿದ್ದೇನೆ. ಏರಿಸುವುದಕ್ಕೂ ಒಂದು ಕೊನೆ ಇದೆ. ಅದನ್ನು ದಾಟಿದ ದಿನ ಹೊಳೆಯ ಗೇಟು ಮುಚ್ಚುತ್ತೇನೆ. ಮುಚ್ಚಿದರೆ ಈ ಊರಿಗೆ ಬೇರೆ ನೀರಿಲ್ಲ, ಮೇಲಿನ ಟ್ಯಾಂಕಿನಲ್ಲಿ ಇರುವಷ್ಟೇ.

ಅಕ್ಕಪಕ್ಕದವರು ಕ್ಯಾನ್ ನೀರು ತರಿಸಲು ಶುರು ಮಾಡಿದ್ದಾರೆ. ನಾನೂ ಅಮ್ಮನಿಗೆ ಒಂದು ತಂದುಕೊಟ್ಟೆ. "ನನ್ನ ಮಗ ಕಳಿಸಿ, ನನ್ನ ಮಗಳು ತೊಳೆದು ಕೊಡೋ ನೀರು ಬಿಟ್ಟು ಅಂಗಡಿ ನೀರು ಕುಡೀಬೇಕಾ? ಜನ ಏನಂತಾರೆ?" ಎಂದು ಕ್ಯಾನನ್ನು ಬಾಗಿಲ ಹಿಂದೆ ಇಟ್ಟಿದ್ದಾಳೆ. ನಲ್ಲಿಯದನ್ನೇ ಕುಡಿಯುತ್ತಾಳೆ, ಕಾಯಿಸದೆ, ಪಕ್ಕದ ಮನೆಯವರಿಗೆ ಕಾಣುವ ಹಾಗೆ.

ನನಗೆ ಎರಡು ವಿಷಯ ಬರೆ. ಗಾಳಿ ಊದುವ ಮೋಟರು ಯಾವತ್ತು ತಿರುಗುತ್ತದೆ? ಹೊಸ ಹುಳು ಎಲ್ಲಿಂದ, ಯಾವತ್ತು ಬರುತ್ತದೆ? ಫೋನು ಸರಿಯಾದರೂ ಬರೆದೇ ಕಳಿಸು. ಫೋನಿನಲ್ಲಿ ನೀನು ನಗಿಸಿ ತಪ್ಪಿಸಿಕೊಳ್ಳುತ್ತೀಯ.

ಅಕ್ಕ


ಸೆಪ್ಟೆಂಬರ್ ೩

ಗಂಭೀರಮೂರ್ತಿ ಅಕ್ಕನಿಗೆ,

ಮೊದಲನೆಯ ಪ್ರಶ್ನೆಗೆ ಉತ್ತರ ಬೇಕರಿಯಲ್ಲಿದೆ. ಹೌದು, ಬೇಕರಿ. ಮುಳುಗಿದ ಮೋಟರನ್ನು ಬಿಚ್ಚಿ, ಒಳಗಿನ ತಂತಿಸುರುಳಿಯನ್ನು ಸಿಹಿನೀರಿನಲ್ಲಿ ತೊಳೆದು, ಹದವಾದ ಬಿಸಿಯಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲನ್ನು ನಂಬುವ ಹಾಗಿಲ್ಲ, ಬೆಂಕಿಗೆ ಕೊಡುವ ಹಾಗಿಲ್ಲ. ಗುಡುಗಣ್ಣ ಬೇಕರಿಯವನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅವತ್ತು ರಾತ್ರಿಯ ಬ್ರೆಡ್ಡಿನ ಸರದಿಯಲ್ಲಿ ನಮ್ಮ ಬ್ಲೋವರ್ ಮೋಟರು ಕೂತಿತು.

ಮರುದಿನ ಗಿರಾಕಿಯೊಬ್ಬರು, "ಏನಪ್ಪಾ, ಬ್ರೆಡ್ಡು ವಾರ್ನಿಶ್ ವಾಸನೆ ಹೊಡೀತಿದೆ?" ಅಂದರಂತೆ. ಬೇಕರಿಯವನು, "ಮೋಟರ್ ಬ್ರೆಡ್ ಸಾರ್, ತಿಂದರೆ ಓಡ್ತೀರಿ" ಅಂದನಂತೆ. ನಾನು ಹೇಳಿಕೊಟ್ಟದ್ದಲ್ಲ. ಊರಿಗೇ ನನ್ನ ಚಾಳಿ ಹಿಡಿದಿದೆ.

ನಿನ್ನೆ ಮೋಟರು ತಿರುಗಿತು. ಗುಡುಗಣ್ಣ ಅದರ ಮೈಮೇಲೆ ಅಂಗೈ ಇಟ್ಟು ಎಷ್ಟೋ ಹೊತ್ತು ನಿಂತಿದ್ದ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ.

ಎರಡನೆಯ ಪ್ರಶ್ನೆ. ಹಾಲಿದ್ದರೆ ಸಾಕೇ, ಹೆಪ್ಪು ಬೇಡವೇ? ಗುಡ್ಡದ ಮೇಲಿನ ನಗರದ ಘಟಕಕ್ಕೆ ನೆರೆ ತಟ್ಟಿಲ್ಲ. ಅವರ ತೊಟ್ಟಿಯಿಂದ ಜೀವವಿರುವ ಕೆಸರನ್ನು ಟ್ಯಾಂಕರಿನಲ್ಲಿ ತುಂಬಿ ತಂದು ನಮ್ಮ ತೊಟ್ಟಿಗೆ ಹೆಪ್ಪು ಹಾಕುವುದು. ಆರನೇ ತಾರೀಕು ಬರುತ್ತದೆ. ದಾರಿಯಲ್ಲಿ ತಡವಾದರೆ ಉಸಿರುಗಟ್ಟಿ ಸಾಯುತ್ತವೆ, ಅದಕ್ಕೆ ದಾರಿಯ ಕೆಸರನ್ನೆಲ್ಲ ನಾವೇ ಕೆರೆದು ಹಾಕಿದ್ದೇವೆ. ಬಂದ ಮೇಲೆ ಒಂದು ವಾರ ಹುಳುಗಳು ಉಂಡು ತೇಗಿದರೆ ನಿನಗೆ ಕಳಿಸುವ ನೀರು ತಿಳಿಯಾಗುತ್ತದೆ.

ಇತ್ತ ಮೋರಿಶ್ರೇಷ್ಠ ಸ್ಪರ್ಧೆ ಕಾವೇರಿದೆ. ಮೂರನೇ ಬೀದಿಯ ಮುಂದಾಳು ಟೈಲರಮ್ಮ. ಆಕೆ ಬಟ್ಟೆ ಅಳೆಯುವ ಟೇಪಿನಲ್ಲಿ ಎದುರು ಬೀದಿಯವರ ಪೌಡರ್ ಮೂಟೆ ಅಳೆದು, "ನಮ್ಮದಕ್ಕಿಂತ ಒಂದು ಗೇಣು ದಪ್ಪ ಇದೆ, ಮೋಸ!" ಎಂದು ಜಗಳ ತೆಗೆದಳು. ಎಂಟನೇ ತಾರೀಕು ಅಂತಿಮ ಸುತ್ತು. ಅವತ್ತು ಎಲ್ಲ ಬೀದಿಯವರೂ ಒಟ್ಟಿಗೆ ಮೋರಿ ತೊಳೆಯಬೇಕು, ತೀರ್ಪುಗಾರನಾದ ನಾನು ಮೂಗು ಹಿಡಿದು ನಡೆಯಬೇಕು. ಕಮೋಡಿಗೆ ಎರಡನೇ ಕೋಟು ಬಣ್ಣ ಬಳಿದಾಯಿತು.

ಅಮ್ಮನಿಗೆ ಹೇಳು, ಕಾಯಿಸಿ ಕುಡಿಯಲಿ. ಇದು ತಮಾಷೆಯಲ್ಲ.

ವಿಧೇಯ,
ತಮ್ಮ


ಸೆಪ್ಟೆಂಬರ್ ೭

ತಮ್ಮಾ,

ಹೆಪ್ಪು ಹಾಕಿದಿರಾ? ಹುಳು ಬದುಕಿವೆಯಾ? ಹೊಳೆಯ ನಡುವಿನ ಬಂಡೆ ಕಾಣಿಸಿಕೊಂಡಿದೆ. ಅಷ್ಟು ಇಳಿದಿದೆ ನೀರು. ಬೆಳಿಗ್ಗೆ ತೆಗೆದ ಮಾದರಿಯನ್ನು ನೋಡಿ ನನ್ನ ಸಹಾಯಕಿ, "ಮೇಡಂ, ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ, ನಾನೇ ಏನೋ ತಪ್ಪು ಮಾಡಿರಬೇಕು" ಅಂದಳು. ತಪ್ಪು ಮಾಡಿರಲಿಲ್ಲ.

ಅಮ್ಮನಿಗೆ ನಿನ್ನೆಯಿಂದ ಹೊಟ್ಟೆ ಸರಿಯಿಲ್ಲ. ಏನೋ ತಿಂದದ್ದು ಆಗಿಬಂದಿಲ್ಲ ಅನ್ನುತ್ತಾಳೆ. ಏನು ತಿಂದೆ ಎಂದರೆ ಹೇಳುವುದಿಲ್ಲ.

ಬೇಗ ಬರೆ.

ಅಕ್ಕ


ಸೆಪ್ಟೆಂಬರ್ ೯

ಅಕ್ಕಾ,

ಹುಳು ಸತ್ತವು.

ಆರಕ್ಕೆ ಟ್ಯಾಂಕರ್ ಬಂತು. ತೊಟ್ಟಿಗೆ ಸುರಿದೆವು. ಏಳಕ್ಕೆ ಚೆನ್ನಾಗಿತ್ತು. ಗಾಜಿನ ಜಾಡಿಯಲ್ಲಿ ತುಂಬಿಟ್ಟರೆ ಕಂದು ಕೆಸರು ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತಿತ್ತು. ಗುಡುಗಣ್ಣ ಜೀವವಿರುವ ತೊಟ್ಟಿಯ ವಾಸನೆ ಇದೇ ಅನ್ನುತ್ತಾನೆ. ಎಂಟರ ಮಧ್ಯಾಹ್ನ ಒಳಬರುವ ಕಾಲುವೆಯ ಹತ್ತಿರ ನಿಂತೆ, ಕಣ್ಣು ಉರಿಯಿತು. ಸಂಜೆಗೆ ಜಾಡಿಯಲ್ಲಿ ಏನೂ ಕೂರಲಿಲ್ಲ. ಬೂದಿ ಬಣ್ಣದ ಚೂರುಗಳು ಮೇಲೆ ಕೆಳಗೆ ಅಲೆಯುತ್ತಿದ್ದವು. ಮಣ್ಣಿನ ವಾಸನೆ ಹೋಗಿ ಈಜುಕೊಳದ ವಾಸನೆ.

ನಿನಗೆ ಅರ್ಥವಾಗಿರುತ್ತದೆ. ಆದರೂ ನಾನೇ ಬರೆಯಬೇಕು. ಬ್ಲೀಚಿಂಗ್ ಪೌಡರಿಗೆ ರೋಗದ ಹುಳು ಯಾವುದು, ನಮ್ಮ ಹುಳು ಯಾವುದು ಗೊತ್ತಿಲ್ಲ. ತೊಟ್ಟಿ ಖಾಲಿಯಿದ್ದಾಗ ಊರು ಮೋರಿಗೆ ಸುರಿದದ್ದರಿಂದ ನಮಗೆ ನಷ್ಟವಿರಲಿಲ್ಲ. ಹುಳು ಬರುವ ಮೊದಲು ನೋಟೀಸು ಕಿತ್ತುಹಾಕಬೇಕಿತ್ತು. ಕೀಳಲಿಲ್ಲ. ಎಂಟನೇ ತಾರೀಕು ಇಡೀ ಊರು ಒಟ್ಟಿಗೆ ಮೂಟೆಗಟ್ಟಲೆ ಸುರಿಯಿತು. ತಾರೀಕು ಇಟ್ಟವನು ನಾನೇ. ಸುರಿಯುತ್ತಿದ್ದಾಗ ನಾನು ಸ್ಟೋರಿನಲ್ಲಿ ಕೂತು ಬಹುಮಾನ ವಿತರಣೆಯ ಭಾಷಣ ಬರೆಯುತ್ತಿದ್ದೆ.

ಗುಡುಗಣ್ಣ ಜಾಡಿಯನ್ನು ತೊಳೆದು ಕವುಚಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಹೇಗಿದ್ದಾಳೆ?


ಸೆಪ್ಟೆಂಬರ್ ೧೦

ನಿನ್ನ ಕಾಗದಕ್ಕೆ ಸಹಿಯೂ ಇರಲಿಲ್ಲ. ಡ್ರೈವರಣ್ಣ ಕೊಡುವಾಗ ನನ್ನ ಮುಖ ನೋಡಲಿಲ್ಲ, ಓದಿದ್ದಾನೆ ಎಂದು ಆಗಲೇ ಗೊತ್ತಾಯಿತು.

ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಡ್ರಿಪ್ ಹಾಕಿದ್ದಾರೆ. ವಾರ್ಡಿನಲ್ಲಿ ಇನ್ನೂ ಕೆಲವರು ಇದೇ ತೊಂದರೆಯವರು. ಇದಕ್ಕಿಂತ ಹೆಚ್ಚು ಈಗ ಕೇಳಬೇಡ.

ಗೇಟು ಮುಚ್ಚಿಸಿದ್ದೇನೆ. ಟ್ಯಾಂಕಿನ ನೀರನ್ನು ದಿನಕ್ಕೆ ಒಂದು ಗಂಟೆ ಬಿಟ್ಟರೆ ಹತ್ತು ದಿನ ಎಳೆಯಬಹುದು. ಆಸ್ಪತ್ರೆಗೆ ಮಾತ್ರ ನಿಲ್ಲಿಸುವುದಿಲ್ಲ. ಇವತ್ತು ಆಫೀಸಿನ ಮುಂದೆ ಜನ ಬಂದಿದ್ದರು. ಒಬ್ಬರು ಖಾಲಿ ಕೊಡ ತಂದು ನನ್ನ ಮೇಜಿನ ಮೇಲೆ ಇಟ್ಟುಹೋದರು. ಇನ್ನೂ ಅಲ್ಲೇ ಇದೆ.

ನಿನಗೆ ಬೈಯುವುದು ಬೇಕಾದಷ್ಟಿದೆ, ಆಮೇಲೆ ಬೈಯುತ್ತೇನೆ. ಗುಡ್ಡದ ಘಟಕಕ್ಕೆ ನಾನೇ ಹೋಗಿದ್ದೆ. ಅಲ್ಲಿಯ ಮುಖ್ಯಸ್ಥ, "ನಾವು ಕೊಟ್ಟಿದ್ದನ್ನ ಕೊಂದುಬಿಟ್ರಲ್ಲಮ್ಮ, ಮತ್ತೆ ಕೊಟ್ಟರೆ ನಮ್ಮ ತೊಟ್ಟಿ ಸೊರಗುತ್ತೆ" ಅಂದ. ಅವನ ಬಾಗಿಲಲ್ಲಿ ನಿಂತೇ ಇದ್ದೆ. ಊಟಕ್ಕೆ ಹೋಗಿ ಬಂದ, ನಾನು ಅಲ್ಲೇ ಇದ್ದೆ. ಕೊನೆಗೆ ಒಪ್ಪಿದ. ಇನ್ನೊಂದು ಟ್ಯಾಂಕರ್, ಹದಿಮೂರಕ್ಕೆ. ಅದೇ ಕೊನೆಯದು.

ಅಷ್ಟರಲ್ಲಿ ನಿನ್ನ ಊರಿನವರ ಕೈಯಿಂದ ಆ ಪೌಡರ್ ಬಿಡಿಸು. ಒಂದು ಮನೆ ಕೂಡ ಬಿಟ್ಟುಹೋಗಬಾರದು.

ಅಕ್ಕ


ಸೆಪ್ಟೆಂಬರ್ ೧೨

ಅಕ್ಕಾ,

ನಿನ್ನೆ ಬೆಳಿಗ್ಗೆಯಿಂದ ಮನೆಮನೆ ಸುತ್ತಿದೆ. ಪೌಡರ್ ಸುರಿಯಬೇಡಿ ಎಂದರೆ ಜನ ನಗುತ್ತಾರೆ.

"ಮೊನ್ನೆ ಸುರೀರಿ ಅಂದೆ, ಇವತ್ತು ಸುರೀಬೇಡಿ ಅಂತೀಯ. ನಾಳೆ ಏನು, ಮೋರಿಗೆ ಸೆಂಟ್ ಹೊಡೀಬೇಕಾ?"

"ಸೋತ ಬೀದಿಯವರು ನಿಂಗೆ ದುಡ್ಡು ಕೊಟ್ಟಿದ್ದಾರಾ?"

"ನೆರೆ ಕೆಸರು ಮನೆಯೊಳಗೆ ಬಂದಿದೆ ಕಣಪ್ಪಾ, ಮಕ್ಕಳಿದ್ದಾರೆ. ನಿನ್ನ ಹುಳಕ್ಕೋಸ್ಕರ ನಾವು ಗಲೀಜಲ್ಲಿ ಇರ್ಬೇಕಾ?"

ಈ ಕೊನೆಯ ಮಾತು ಒಬ್ಬ ತಾಯಿಯದು. ನೆಲವನ್ನು ಸೋಪಿನಲ್ಲಿ ತೊಳೆಯಿರಿ, ಪೌಡರ್ ಮಾತ್ರ ಬೇಡ ಎಂದೆ. ಆಕೆ ಬಾಗಿಲು ಹಾಕಿಕೊಂಡಳು. ಒಳಗೆ ಬಕೆಟ್ಟು ಸುರಿದ ಸದ್ದು ಕೇಳಿಸಿತು. ಆ ಸದ್ದು ನಮ್ಮ ತೊಟ್ಟಿಗೆ ಬರುವ ದಾರಿ ನನಗೆ ಗೊತ್ತು. ಯಾವ ಪೈಪು, ಎಲ್ಲಿ ತಿರುವು, ಎಲ್ಲ ಗೊತ್ತು. ಬೀದಿಯ ಮಧ್ಯೆ ನಿಂತು ಅದರ ಜೊತೆ ಮನಸ್ಸಿನಲ್ಲೇ ನಡೆದೆ.

ಹುಲಿ ಬಂತು ಹುಲಿ ಎಂದು ದಿನಾ ಕೂಗಿದವನಿಗೆ ನಿಜವಾದ ಹುಲಿ ಬಂದಾಗ ಗಂಟಲೇ ಇರುವುದಿಲ್ಲ ನೋಡು.

ಕೊನೆಗೆ ಟೈಲರಮ್ಮನ ಅಂಗಡಿಗೆ ಹೋದೆ. ಊರಿನ ಅರ್ಧ ಹೆಂಗಸರು ರವಿಕೆ ಹೊಲಿಸುವುದು ಅಲ್ಲೇ, ಉಳಿದರ್ಧ ಹರಟೆಗೆ ಬರುವುದೂ ಅಲ್ಲೇ. ಆಕೆ ಮಷೀನು ನಿಲ್ಲಿಸಲಿಲ್ಲ.

"ಬಹುಮಾನ ಎಲ್ಲಿ?" ಅಂದಳು. "ಗೆದ್ದದ್ದು ನಾವು. ಮೂಗಿದ್ದವರೆಲ್ಲ ಸಾಕ್ಷಿ."

"ಟೈಲರಮ್ಮಾ, ಸ್ಪರ್ಧೆ ರದ್ದು. ಪೌಡರ್ ಹಾಕೋದು ನಿಲ್ಲಿಸಿ."

"ಆಹಾ! ಕಮೋಡ್ ಕೊಡೋಕೆ ಹೊಟ್ಟೆಯುರಿ, ಅದಕ್ಕೆ ಹೊಸ ನಾಟಕ."

ನನಗೆ ಒಂದು ಒಳ್ಳೆಯ ಉತ್ತರ ನಾಲಿಗೆಯ ತುದಿಗೆ ಬಂತು. ಎಂಥ ಉತ್ತರ ಎಂದರೆ ಅಂಗಡಿಯೇ ನಗುತ್ತಿತ್ತು. ನುಂಗಿಕೊಂಡೆ.

"ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಳೆ. ಕೆಳಗಿನ ಊರಲ್ಲಿ. ನಾವು ಬಿಟ್ಟ ನೀರು ಕುಡಿದು" ಎಂದೆ.

ಮಷೀನು ನಿಂತಿತು. ಆಕೆ ಕನ್ನಡಕ ತೆಗೆದು ನನ್ನ ಮುಖವನ್ನು ಬಟ್ಟೆಯ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ಇದೂ ತಮಾಷೇನಾ?"

"ಅಲ್ಲ."

"ಅಮ್ಮನ ಮೇಲೆ ಆಣೆ ಇಡು."

"ಇಡಲ್ಲ. ಆಣೆ ಇಡೋಕೆ ಭಯ ಆಗ್ತಿದೆ."

ಆಕೆ ಕುತ್ತಿಗೆಯ ಟೇಪು ತೆಗೆದು ಮಡಿಸಿಟ್ಟು ಎದ್ದಳು. ಬಾಗಿಲಲ್ಲಿ ತಿರುಗಿ, "ಕಮೋಡ್ ಮಾತ್ರ ನಮ್ಮ ಬೀದಿಗೇ. ಅದರಲ್ಲಿ ಮಾತಿಲ್ಲ" ಅಂದಳು.

ಇವತ್ತು ಸಂಜೆಯ ಹೊತ್ತಿಗೆ ಘಟಕದ ಗೇಟಿನ ಮುಂದೆ ಅರ್ಧ ಬಳಸಿದ ಮೂಟೆಗಳು, ಡಬ್ಬಿಗಳು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಹಿಡಿಹಿಡಿ ಪೌಡರ್ ಸಾಲಾಗಿ ಬಂದು ಕೂತಿವೆ. ಟೈಲರಮ್ಮ ಮನೆಗೆ ಹೋಗಿ ನಿಂತರೆ ಬಚ್ಚಲವರೆಗೂ ಹೋಗಿ ನೋಡಿಯೇ ಹೊರಡುತ್ತಾಳಂತೆ. ಎಲ್ಲ ಮನೆಯವರೂ ಕೊಟ್ಟರೋ ಇಲ್ಲವೋ ಗೊತ್ತಿಲ್ಲ. ತಿಳಿಯುವ ದಾರಿಯೂ ಇಲ್ಲ. ಹುಳುಗಳೇ ಹೇಳಬೇಕು.

ನಾಳೆ ಟ್ಯಾಂಕರ್. ಅಮ್ಮನ ವಿಷಯ ಒಂದು ಸಾಲು ಬರೆ.

ತಮ್ಮ


ಸೆಪ್ಟೆಂಬರ್ ೧೬

ಅಕ್ಕಾ,

ನಿನ್ನ ಸಾಲು ಬರಲಿಲ್ಲ. ವ್ಯಾನು ಬಂತು, ಡ್ರೈವರಣ್ಣ "ಏನೂ ಕೊಟ್ಟಿಲ್ಲಪ್ಪ" ಎಂದ. ಏನೂ ಇಲ್ಲ ಅಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಅವನನ್ನೇ ಪೀಡಿಸಿದೆ. ಪಾಪ, ಬೀಡಿ ಕೊಟ್ಟ. ನಾನು ಸೇದುವುದಿಲ್ಲ ಎಂದು ಅವನಿಗೆ ಗೊತ್ತು.

ಇಲ್ಲಿಯ ವರದಿ. ಹದಿಮೂರಕ್ಕೆ ಸುರಿದೆವು. ಹದಿನಾಲ್ಕಕ್ಕೆ ತೊಟ್ಟಿಯ ತುಂಬ ಬಿಳಿ ನೊರೆ ಎದ್ದು ನಡೆಯುವ ದಾರಿಯ ಮೇಲೆಲ್ಲ ಉಕ್ಕಿತು. ಮತ್ತೆ ಸತ್ತವು ಎಂದುಕೊಂಡು ಗುಡುಗಣ್ಣನನ್ನು ಕೂಗಿದೆ. ಗುಡುಗಣ್ಣ, "ಎಳೇ ಹುಳ ಹಾಗೇ. ಹೆದರಬೇಡ" ಅಂದ. ಆದರೆ ಆ ರಾತ್ರಿ ಆತನೂ ಮನೆಗೆ ಹೋಗದೆ ತೊಟ್ಟಿಯ ಹತ್ತಿರವೇ ಮಲಗಿದ.

ನಿನ್ನೆ ಬ್ಲೋವರಿನ ಬೆಲ್ಟು ಹರಿಯಿತು. ಗಾಳಿ ನಿಂತಿತು. ಬದಲಿ ಬೆಲ್ಟು ಸ್ಟೋರಿನಲ್ಲಿತ್ತು, ಆದರೆ ನೆರೆಯಲ್ಲಿ ನೆನೆದು ಹಿಗ್ಗಿದೆ, ತೊಡಿಸಿದರೆ ಜಾರುತ್ತದೆ. ನಾನು ಊರೊಳಗೆ ಓಡಿದೆ. ಹಿಟ್ಟಿನ ಗಿರಣಿಯವನು ನನ್ನ ಕೈಯಲ್ಲಿದ್ದ ಹರಿದ ಬೆಲ್ಟನ್ನು ನೋಡಿದ್ದೇ ತನ್ನ ಮಷೀನು ನಿಲ್ಲಿಸಿ ಬೆಲ್ಟು ಬಿಚ್ಚಿ ಕೊಟ್ಟ. ಸಾಲಿನಲ್ಲಿ ನಿಂತಿದ್ದವರು ಯಾರೂ ಗೊಣಗಲಿಲ್ಲ. ಯಾವುದಾದರೂ ಜೋಕು ಬರುತ್ತದೆ ಎಂದು ನನ್ನ ಬಾಯಿ ನೋಡಿದರು. ಬರಲಿಲ್ಲ.

ಗಾಳಿ ಮತ್ತೆ ಬರುವಷ್ಟರಲ್ಲಿ ಎಷ್ಟು ಹುಳು ಉಳಿದವೋ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಜಾಡಿ ತುಂಬಿಸಿಟ್ಟು ಇಬ್ಬರೂ ಎದುರು ಕೂತೆವು. ಅರ್ಧ ಗಂಟೆ ಕಾಯಬೇಕು. ಕೆಸರು ಕೂರಲು ಶುರುವಾಯಿತು, ನಿಧಾನ. ಮೇಲೆ ನಿಂತ ನೀರು ತಿಳಿಯಲ್ಲ, ಬೂದಿಯೂ ಅಲ್ಲ. ಅಕ್ಕಿ ತೊಳೆದ ನೀರಿನ ಹಾಗೆ. ನಾನು ಮೂಸಿದೆ. ಮಣ್ಣಿನ ವಾಸನೆಯೋ, ಮಣ್ಣಿನ ವಾಸನೆ ಬರಲಿ ಎಂಬ ಆಸೆಯೋ, ಹೇಳಲಾರೆ.

ಒಂದು ಸಾಲು ಬರೆ ಅಕ್ಕಾ.

ತಮ್ಮ


ಸೆಪ್ಟೆಂಬರ್ ೧೯

ತಮ್ಮಾ,

ನಿನ್ನೆ ನೀನು ಕಳಿಸಿದ ಮಾದರಿಯನ್ನೂ ನನ್ನ ಗೇಟಿನ ಹತ್ತಿರದ ನೀರನ್ನೂ ಪರೀಕ್ಷೆ ಮಾಡಿದೆ. ಸಹಾಯಕಿ ಇನ್ನೊಮ್ಮೆ ಮಾಡುತ್ತೇನೆ ಎಂದಳು. ಮಾಡಿದಳು. ಆಮೇಲೆ ನಾನೂ ಮಾಡಿದೆ. ಮೂರು ಸಲವೂ ಒಂದೇ ಉತ್ತರ.

ಮಧ್ಯಾಹ್ನ ಗೇಟು ತೆರೆಸಿದೆ. ಟ್ಯಾಂಕಿನ ತಳದ ಸಿಮೆಂಟು ಕಾಣಿಸಲು ಶುರುವಾಗಿತ್ತು. ಈ ಊರನ್ನು ಬರಿಗೊಡಕ್ಕೆ ಎಷ್ಟು ಹತ್ತಿರ ತಂದು ನಿಲ್ಲಿಸಿದ್ದೆ ಎಂದು ತಿಳಿದಿರಲಿ ಅಂತ ಬರೆದೆ.

ಅಮ್ಮ ಮನೆಗೆ ಬಂದಿದ್ದಾಳೆ. ಮುಖ ಇಷ್ಟೇ ಇಷ್ಟಾಗಿದೆ, ಮಾತು ಅಷ್ಟೇ ಇದೆ. ನಡುವೆ ಎರಡು ದಿನ ನಿನಗೆ ಬರೆಯಲು ಕೂತೆ, ಏನು ಬರೆಯಬೇಕೋ ತಿಳಿಯಲಿಲ್ಲ. ಅದಕ್ಕೇ ಬರೆಯಲಿಲ್ಲ. ಡಾಕ್ಟರನ್ನು ಕಾರಣ ಕೇಳಿದೆ. "ನೆರೆ ಬಂದ ಮೇಲೆ ಯಾವುದರಿಂದ ಅಂತ ಹೇಳೋದಮ್ಮ" ಅಂದರು. ನಾನು ಮತ್ತೆ ಕೇಳಲಿಲ್ಲ. ನೀನೂ ಕೇಳಬೇಡ.

ಬೈಯುವುದು ಬಾಕಿ ಇದೆ. ಭಾನುವಾರ ಬಾ, ಎದುರಿಗೇ ಬೈಯುತ್ತೇನೆ.

ಅಕ್ಕ


ಸೆಪ್ಟೆಂಬರ್ ೨೯

ಗೇಟು ಮುಚ್ಚಿದ ವೀರಾಗ್ರಣಿ, ಗೇಟು ತೆರೆದ ದಯಾಸಾಗರಿ, ಬೈಗುಳ ಸಾಮ್ರಾಜ್ಞಿ ಅಕ್ಕನ ಪಾದಪದ್ಮಗಳಿಗೆ,

ಭಾನುವಾರ ನೀನು ಕೊಟ್ಟ ಬೈಗುಳಗಳೆಲ್ಲ ಕ್ಷೇಮವಾಗಿ ಮನೆ ತಲುಪಿವೆ. ಕೆಲವು ಹೊಸವು ಇದ್ದವು, ಮೆಚ್ಚಿದೆ.

ಇಲ್ಲಿ ತೊಟ್ಟಿ ಚಾಕೊಲೇಟ್ ಬಣ್ಣಕ್ಕೆ ತಿರುಗಿದೆ. ಮೊನ್ನೆ ಪುರಸಭೆಯವರು ಬಂದು ಗುಡುಗಣ್ಣನಿಗೆ ಶಾಲು ಹೊದಿಸಿ ಎರಡು ಮಾತಾಡಿ ಎಂದರು. ಆಡಿದ. ಯಾರಿಗೂ ಕೇಳಿಸಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಣಿಯವನ ಬೆಲ್ಟು ವಾಪಸು ಕೊಟ್ಟಾಯಿತು. ಕಮೋಡನ್ನು ಮೂರನೇ ಬೀದಿಯ ಮೂಲೆಯಲ್ಲಿ ಇಟ್ಟು ಟೈಲರಮ್ಮ ಅದರೊಳಗೆ ಗುಲಾಬಿ ನೆಟ್ಟಿದ್ದಾಳೆ. ನಾನು ಭಾಷಣ ಮಾಡಲಿಲ್ಲ. ಊರು ಬೇಸರಪಟ್ಟುಕೊಂಡಿತು. ಮುಂದಿನ ವಾರದಿಂದ ಮತ್ತೆ ಶುರು ಮಾಡುತ್ತೇನೆ, ಸ್ವಲ್ಪ ಸ್ವಲ್ಪ.

ಈಗ ಒಂದು ವಿಷಯ. ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಡ್ರೈವರಣ್ಣಾ, ನೀನೂ ಇಲ್ಲಿಗೆ ನಿಲ್ಲಿಸು.

ಭಾನುವಾರ ನಿಮ್ಮ ಅಡುಗೆಮನೆಯಲ್ಲಿ ಅಮ್ಮ ನಲ್ಲಿ ತಿರುಗಿಸಿ ಒಂದು ಲೋಟ ತಾನು ಕುಡಿದು, ಇನ್ನೊಂದನ್ನು ತುಂಬಿ ನನ್ನ ಕೈಗೆ ಕೊಟ್ಟು, "ನೋಡು, ನಿನ್ನ ನೀರು" ಎಂದಳು. ನೀನು ಬಾಗಿಲಿಗೆ ಒರಗಿ ನಿಂತಿದ್ದೆ. ಆ ಹೊತ್ತಿಗೆ ಪಕ್ಕದ ಮನೆಯವರು ಕರೆದರು, ನೀವಿಬ್ಬರೂ ಹೊರಗೆ ಹೋದಿರಿ. ತಿರುಗಿ ಬಂದಾಗ ನನ್ನ ಕೈಯಲ್ಲಿ ಖಾಲಿ ಲೋಟವಿತ್ತು. ನಾನು ತುಟಿ ಒರೆಸಿಕೊಂಡು "ಅಮೃತ!" ಎಂದು ಘೋಷಿಸಿದೆ. ಅಮ್ಮನ ಕಣ್ಣಲ್ಲಿ ನೀರು ಬಂತು. ನಿನ್ನ ಕಣ್ಣಲ್ಲೂ ಬಂತು, ನೀನು ಒಪ್ಪುವುದಿಲ್ಲ.

ಅಕ್ಕಾ, ಲೋಟ ತುಟಿಯವರೆಗೆ ಬಂತು. ಮುಂದಕ್ಕೆ ಹೋಗಲಿಲ್ಲ. ಕಿಟಕಿಯ ಹೂಕುಂಡಕ್ಕೆ ಸುರಿದೆ.

ಗಿಡ ಹೇಗಿದೆ ಎಂದು ಒಂದು ಸಾಲು ಬರೆ.

ತಮ್ಮ